ಮರೆವಿನ ಕಾಯಿಲೆ, ಮೆದುಳಿನ ಪಟ

ಅಲ್ಝೈಮರ್ ಕಾಯಿಲೆ ಮೆದುಳನ್ನು ಎಲ್ಲ ಕಡೆಯಿಂದ ಒಮ್ಮೆಗೇ ಹಿಡಿಯುವುದಿಲ್ಲ. ನರಕೋಶಗಳ ಹೊರಗೆ ಬೀಟಾ ಅಮಿಲಾಯ್ಡ್ ಎಂಬ ಪ್ರೊಟೀನ್ ಗಂಟುಗಟ್ಟುತ್ತದೆ. ಕೋಶಗಳ ಒಳಗೆ ಟೌ ಎಂಬ ಇನ್ನೊಂದು ಪ್ರೊಟೀನ್ ಸಿಕ್ಕುಸಿಕ್ಕಾಗುತ್ತದೆ. ಟೌ ಹೆಚ್ಚಿದ ಕಡೆ ನರಕೋಶಗಳು ಮಂಕಾಗಿ, ಮುಂದೆ ಸಾಯುತ್ತವೆ, ಆ ಭಾಗ ಕುಗ್ಗುತ್ತದೆ. ಜರ್ಮನಿಯ ವೈದ್ಯ ಅಲೋಯಿಸ್ ಅಲ್ಝೈಮರ್ 1906ರಲ್ಲಿ ತೀರಿಕೊಂಡ ರೋಗಿಯೊಬ್ಬರ ಮೆದುಳನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ ಕಂಡದ್ದು ಈ ಗಂಟು, ಈ ಸಿಕ್ಕು. ಆ ಮಹಿಳೆ ಆಸ್ಪತ್ರೆಗೆ ಸೇರಿದಾಗ ವಯಸ್ಸು 51. ಅಂದರೆ ವೈದ್ಯಶಾಸ್ತ್ರದಲ್ಲಿ ದಾಖಲಾದ ಮೊದಲ ರೋಗಿಯೇ ಇಂದಿನ ಲೆಕ್ಕದಲ್ಲಿ ಸಾಮಾನ್ಯ ರೋಗಿಯಲ್ಲ. ಈ ಕಾಯಿಲೆಯವರಲ್ಲಿ ಹೆಚ್ಚಿನವರು 65 ದಾಟಿದವರು. ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸ ಈ ರೋಗದ ಚರಿತ್ರೆಯಲ್ಲಿ ಮೊದಲ ದಿನದಿಂದಲೇ ಇದೆ.

ಬಹುಪಾಲು ರೋಗಿಗಳಲ್ಲಿ ಟೌ ಹಿಡಿಯುವ ಹಾದಿಯನ್ನು ಜರ್ಮನಿಯ ಹೈಕೊ ಬ್ರಾಕ್ ಮತ್ತು ಎವಾ ಬ್ರಾಕ್ 1991ರಲ್ಲಿ ಹಂತಹಂತವಾಗಿ ಗುರುತಿಸಿದರು. ಕಿವಿಯ ನೇರಕ್ಕೆ, ಒಳಮಗ್ಗುಲಲ್ಲಿರುವ ಟೆಂಪೊರಲ್ ಹಾಲೆಯಲ್ಲಿ ಅದು ಶುರುವಾಗುತ್ತದೆ. ಹೊಸ ನೆನಪನ್ನು ಕೂಡಿಡುವ ಹಿಪ್ಪೊಕ್ಯಾಂಪಸ್ ಇರುವುದು ಅಲ್ಲಿಯೇ. ಅಲ್ಲಿಂದ ಮೆದುಳಿನ ಹಿಂಭಾಗ, ಪಕ್ಕದ ಭಾಗಗಳಿಗೆ ಹಬ್ಬಿ, ಕೊನೆಗೆ ಮುಂಭಾಗಕ್ಕೂ ಬರುತ್ತದೆ. ಬೆಳಗ್ಗೆ ಏನು ತಿಂದರೆಂಬುದು ಮರೆತು, ನಲವತ್ತು ವರ್ಷದ ಹಿಂದಿನ ಮದುವೆಯ ಊಟ ನೆನಪಿರುವುದಕ್ಕೆ ಈ ಹಾದಿಯೇ ಕಾರಣ. ಹಳೆಯ ನೆನಪು ಬೇರೆಡೆ ನೆಲೆಯೂರಿ ಆಗಿರುತ್ತದೆ, ಹೊಸದನ್ನು ಒಳಗೆ ಬಿಟ್ಟುಕೊಳ್ಳುವ ಬಾಗಿಲು ಮೊದಲು ಕೆಡುತ್ತದೆ.

ಜೀವಂತ ಮನುಷ್ಯನ ಮೆದುಳಿನಲ್ಲಿ ಇದನ್ನು ನೋಡಲು ಈಗ ನಾಲ್ಕೈದು ವಿಧಾನಗಳಿವೆ, ಒಂದೊಂದು ತೋರಿಸುವುದು ಒಂದೊಂದನ್ನು. ಸಿ.ಟಿ. ಸ್ಕ್ಯಾನ್ ಎಕ್ಸ್‌ರೇ ಬಳಸಿ ಮೆದುಳಿನ ಒಟ್ಟು ಆಕಾರ, ರಕ್ತಸ್ರಾವ, ನೀರು ತುಂಬಿದ ಕೋಣೆಗಳನ್ನು ತೋರಿಸುತ್ತದೆ. ಎಂಆರ್‌ಐ ಅದಕ್ಕಿಂತ ಬಹಳ ಸೂಕ್ಷ್ಮವಾಗಿ ಒಳರಚನೆಯನ್ನು ಬಿಡಿಸಿಡುತ್ತದೆ. ಹಿಪ್ಪೊಕ್ಯಾಂಪಸ್ ಎಷ್ಟು ಕುಗ್ಗಿದೆ ಎಂದು ಕಣ್ಣಳತೆಯಲ್ಲೇ 0ರಿಂದ 4ರವರೆಗೆ ಅಂಕ ಕೊಡುವ ಕ್ರಮವನ್ನು ನೆದರ್‌ಲ್ಯಾಂಡ್ಸ್‌ನ ಫಿಲಿಪ್ ಶೆಲ್ಟೆನ್ಸ್ ಮತ್ತು ಸಂಗಡಿಗರು 1992ರಲ್ಲಿ ರೂಪಿಸಿದರು, ಇಂದಿಗೂ ರೇಡಿಯಾಲಜಿಸ್ಟರು ಅದನ್ನು ಬಳಸುತ್ತಾರೆ. ಈ ಅಂಕವನ್ನು ವಯಸ್ಸಿನ ಜೊತೆಗಿಟ್ಟೇ ಓದಬೇಕು. 65ರ ವಯಸ್ಸಿನಲ್ಲಿ 2 ಬಂದರೆ ಯೋಚಿಸಬೇಕಾದ ಸಂಗತಿ; 80ರಲ್ಲಿ ಅದೇ 2 ಬರಿಯ ಮುಪ್ಪಿನ ಗುರುತಾಗಿರಬಹುದು. ಆರೋಗ್ಯವಂತ ವೃದ್ಧರಲ್ಲೂ ಹಿಪ್ಪೊಕ್ಯಾಂಪಸ್ ವರ್ಷಕ್ಕೆ ಶೇ 1ರಿಂದ 1.5ರಷ್ಟು ಸವೆಯುತ್ತದೆ. ಅಲ್ಝೈಮರ್ ಇದ್ದವರಲ್ಲಿ ಆ ಸವೆತ ಶೇ 4ರಿಂದ 5ರ ಆಸುಪಾಸು. ಹಾಗಾಗಿ ಒಂದು ಪಟಕ್ಕಿಂತ, ವರ್ಷದ ಅಂತರದಲ್ಲಿ ತೆಗೆದ ಎರಡು ಪಟಗಳು ಹೆಚ್ಚು ಹೇಳುತ್ತವೆ.

ಪೆಟ್ ಸ್ಕ್ಯಾನ್ ಬೇರೆ ಜಾತಿಯದು. ಅತಿ ಸಣ್ಣ ಪ್ರಮಾಣದ ವಿಕಿರಣಶೀಲ ವಸ್ತುವನ್ನು ರಕ್ತಕ್ಕೆ ಸೇರಿಸಿ, ಅದು ಮೆದುಳಿನಲ್ಲಿ ಎಲ್ಲಿ ಕೂಡುತ್ತದೆ ಎಂದು ನೋಡುವ ವಿಧಾನ ಇದು. ಸಕ್ಕರೆಯಂಥ ವಸ್ತುವನ್ನು ಕೊಟ್ಟರೆ ಯಾವ ಭಾಗ ಚುರುಕಾಗಿದೆ, ಯಾವುದು ಮಂಕಾಗಿದೆ ಎಂದು ಗೊತ್ತಾಗುತ್ತದೆ. ಅಲ್ಝೈಮರ್‌ನಲ್ಲಿ ಮೆದುಳಿನ ಹಿಂಬದಿಯ ಪರೈಟಲ್ ಮತ್ತು ಟೆಂಪೊರಲ್ ಭಾಗಗಳು ಮೊದಲು ಮಂಕಾಗುತ್ತವೆ. ಅಮಿಲಾಯ್ಡ್‌ಗೇ ಅಂಟಿಕೊಳ್ಳುವ ವಸ್ತುವನ್ನು ಬಳಸಿ ರೋಗಿಗಳಲ್ಲಿ ತೆಗೆದ ಮೊದಲ ಪಟಗಳ ವರದಿ ಪಿಟ್ಸ್‌ಬರ್ಗ್‌ ವಿಜ್ಞಾನಿಗಳಿಂದ 2004ರಲ್ಲಿ ಬಂತು. ಟೌ ತೋರಿಸುವ ವಸ್ತುವಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಒಪ್ಪಿಗೆ ಕೊಟ್ಟಿತು.

ಈ ಯಂತ್ರಗಳು ಬಂದ ಮೇಲೆ ರೋಗ ನಿರ್ಣಯ ಸರಾಗವಾಯಿತು ಎಂದೇ ಯಾರಿಗಾದರೂ ಅನ್ನಿಸಬೇಕು. ಆದದ್ದು ಅಷ್ಟು ಸರಳವಲ್ಲ. ನೆನಪಿನಲ್ಲಿ ಏನೂ ಕುಂದಿಲ್ಲದ ಜನರಲ್ಲೂ ಅಮಿಲಾಯ್ಡ್ ಕಾಣಿಸತೊಡಗಿತು. ಹಲವು ದೇಶಗಳ ಮಾಹಿತಿ ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಬುದ್ಧಿಶಕ್ತಿ ಸರಿಯಾಗಿರುವ 50 ವರ್ಷದವರಲ್ಲಿ ನೂರಕ್ಕೆ ಸುಮಾರು 10 ಮಂದಿಯಲ್ಲಿ, 90 ವರ್ಷದವರಲ್ಲಿ ಸುಮಾರು 44 ಮಂದಿಯಲ್ಲಿ ಅಮಿಲಾಯ್ಡ್ ಇರುತ್ತದೆ. ಅಮಿಲಾಯ್ಡ್ ಇಲ್ಲವೆಂದು ಪಟ ಹೇಳಿದರೆ ಮರೆವಿಗೆ ಅಲ್ಝೈಮರ್ ಕಾರಣವಲ್ಲ ಎಂದು ಬಹುಮಟ್ಟಿಗೆ ಹೇಳಬಹುದು. ಇದೆ ಎಂದರೆ ಮಾತ್ರ, ವಿಶೇಷವಾಗಿ ಎಂಬತ್ತು ದಾಟಿದವರಲ್ಲಿ, ಅದೊಂದನ್ನೇ ನಂಬಿ ತೀರ್ಪು ಕೊಡಲಾಗದು.

ಇನ್ನೊಂದು ತೊಡಕು ಹಾದಿಯದು. ಹಿಪ್ಪೊಕ್ಯಾಂಪಸ್‌ನಿಂದ ಶುರುವಾಗುವ ಮಾದರಿ ಎಲ್ಲರದೂ ಅಲ್ಲ. ಸಾವಿರಕ್ಕೂ ಹೆಚ್ಚು ಜನರ ಟೌ ಪಟಗಳನ್ನು ಗಣಕದಿಂದ ವಿಂಗಡಿಸಿ 2021ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವೊಂದು ನಾಲ್ಕು ಹಾದಿಗಳನ್ನು ಗುರುತಿಸಿತು. ನಾಲ್ಕರಲ್ಲಿ ಯಾವುದೂ ಅಪರೂಪವಲ್ಲ. ಪ್ರತಿಯೊಂದರ ಪಾಲು ಶೇ 18ರಿಂದ 33ರ ನಡುವೆ. ಒಂದು, ನೆನಪಿನ ಭಾಗದಿಂದ ಹೊರಡುವ ಪರಿಚಿತ ಹಾದಿ. ಇನ್ನೊಂದು ಹಿಪ್ಪೊಕ್ಯಾಂಪಸ್ಸನ್ನು ಬಹುಕಾಲ ಮುಟ್ಟದೆ ಉಳಿದ ಮೇಲ್ಪದರವನ್ನು ಹಿಡಿಯುತ್ತದೆ. ಮೂರನೆಯದು ನೋಟ ಸಂಬಂಧಿ ಹಿಂಭಾಗದ್ದು, ನಾಲ್ಕನೆಯದು ಮಾತಿಗೆ ಸಂಬಂಧಿಸಿದ ಎಡಭಾಗದ್ದು.

ಮೂರನೆಯ ಮಾದರಿಯವರ ಕಷ್ಟ ಬೇಗ ಅರ್ಥವಾಗದಂಥದು. ಅವರಿಗೆ ನೆನಪು ಚೆನ್ನಾಗಿಯೇ ಇರುತ್ತದೆ. ಕಣ್ಣಿನ ಮುಂದಿನ ಲೋಟ ಕಾಣುವುದಿಲ್ಲ, ಮೆಟ್ಟಿಲ ಅಂಚು ಅಂದಾಜಿಗೆ ಸಿಗುವುದಿಲ್ಲ, ಪತ್ರಿಕೆಯ ಸಾಲು ತಪ್ಪಿಹೋಗುತ್ತದೆ. ಬಲೆ ದುರಸ್ತಿ ಮಾಡುತ್ತಿದ್ದ ಮೀನುಗಾರನಿಗೆ ಬಲೆಯ ಕಣ್ಣಿಗೆ ದಾರ ಕೂಡಿಸಲಾಗದು, ಪೇಟೆಯಲ್ಲಿ ಮೀನು ಮಾರುವವಳಿಗೆ ನೋಟು ಬೇರ್ಪಡಿಸಲಾಗದು. ಮನೆಯವರು ಕಣ್ಣಿನ ವೈದ್ಯರ ಬಳಿ ಕರೆದೊಯ್ಯುತ್ತಾರೆ. ಕನ್ನಡಕ ಬದಲಾಗುತ್ತದೆ, ಪೊರೆಯ ಶಸ್ತ್ರಚಿಕಿತ್ಸೆಯೂ ಆಗುತ್ತದೆ, ತೊಂದರೆ ಹಾಗೆಯೇ ಉಳಿಯುತ್ತದೆ. ಎಂಆರ್‌ಐ ತೆಗೆದು ಹಿಪ್ಪೊಕ್ಯಾಂಪಸ್ ಒಂದನ್ನೇ ನೋಡಿದರೆ ಅಲ್ಲಿ ಎಲ್ಲ ಸರಿಯಿದೆ ಎಂದೇ ವರದಿ ಬರುತ್ತದೆ. ಹಿಂಭಾಗದ ಪರೈಟಲ್ ಹಾಲೆಯ ಸವೆತವನ್ನು ಬೇರೆಯಾಗಿ ಹುಡುಕಬೇಕು. ಅದಕ್ಕೂ 2011ರಿಂದ 0–3ರ ಅಂಕಕ್ರಮವಿದೆ, ಕೇಳಿದವರಿಗೆ ಸಿಗುತ್ತದೆ. ಹೀಗೆ ನೋಟದ ತೊಂದರೆಯೇ ಮೊದಲು ಕಾಣುವವರಲ್ಲಿ ಹೆಚ್ಚಿನವರಿಗೆ ಕಾಯಿಲೆ ಶುರುವಾಗುವುದು 65ಕ್ಕಿಂತ ಮೊದಲೇ, ಇನ್ನೂ ದುಡಿಯುವ ವಯಸ್ಸಿನಲ್ಲಿ.

ವಂಶವಾಹಿಯೂ ಚಿತ್ರವನ್ನು ಬದಲಿಸುತ್ತದೆ. ಅಪೊಇ-4 ಎಂಬ ಗುಣಾಣು ರೂಪ ಇರುವವರಲ್ಲಿ ನೆನಪಿನ ಭಾಗ ಹೆಚ್ಚು ಸವೆದರೆ, ಇಲ್ಲದವರಲ್ಲಿ ಪರೈಟಲ್ ಭಾಗದ ಸವೆತ ಎದ್ದುಕಾಣುವುದು ಹೆಚ್ಚು. ಅಮಿಲಾಯ್ಡ್ ಸಮನಾಗಿದ್ದರೂ ಹೆಂಗಸರ ಮೆದುಳಿನಲ್ಲಿ ಟೌ ಜಾಸ್ತಿ ಎಂದು ಹಲವು ಅಧ್ಯಯನಗಳು ಕಂಡುಕೊಂಡಿವೆ. ಮಾತಿನ ನೆನಪಿನ ಪರೀಕ್ಷೆಗಳಲ್ಲಿ ಹೆಂಗಸರು ಸಾಮಾನ್ಯವಾಗಿ ಮುಂದಿರುವುದರಿಂದ, ಮೆದುಳು ಸಾಕಷ್ಟು ಕೆಟ್ಟ ಮೇಲೂ ಅವರು ಪರೀಕ್ಷೆಯಲ್ಲಿ ಪಾಸಾಗಿಬಿಡುತ್ತಾರೆ.

ವಯಸ್ಸಾದವರ ಪಟದಲ್ಲಿ ಅಲ್ಝೈಮರ್ ಒಂಟಿಯಾಗಿರುವುದೂ ಕಡಿಮೆ. ದೀರ್ಘಕಾಲದ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳಿಂದ ಮೆದುಳಿನ ಸಣ್ಣ ರಕ್ತನಾಳಗಳು ಕೆಟ್ಟು, ಎಂಆರ್‌ಐಯಲ್ಲಿ ಬಿಳಿ ಕಲೆಗಳಾಗಿ ಕಾಣುತ್ತವೆ. ಅವು ಯೋಚನೆಯ ವೇಗವನ್ನೂ ನಡಿಗೆಯನ್ನೂ ತಗ್ಗಿಸುತ್ತವೆ; ಸ್ವಲ್ಪ ಅಲ್ಝೈಮರ್ ಇದ್ದಲ್ಲಿ ಅದನ್ನು ಬೇಗ ಹೊರಗೆಡವುತ್ತವೆ. ಉಪ್ಪುಮೀನು, ಒಣಮೀನು, ಉಪ್ಪಿನಕಾಯಿ ಗಂಜಿಯೂಟದ ಭಾಗವಾಗಿರುವ ಕರಾವಳಿಯಲ್ಲಿ ಬಿ.ಪಿ.ಯ ಮಾತ್ರೆಯನ್ನು ತಪ್ಪಿಸದಿರುವುದು ಮೆದುಳಿನ ಕಾಳಜಿಯೂ ಹೌದು. ಕಾಯಿಲೆಯ ಇಡೀ ಚಿತ್ರದಲ್ಲಿ ಮನುಷ್ಯನ ಕೈಯಲ್ಲಿ ಇರುವ ಭಾಗಗಳಲ್ಲಿ ಇದೂ ಒಂದು.

ಈಗ ಕರಾವಳಿಯ ಉತ್ತರ ಕನ್ನಡ ಜಿಲ್ಲೆಯ ಮಟ್ಟಿಗೆ ಅತಿ ಮುಖ್ಯವಾದ ವ್ಯತ್ಯಾಸಕ್ಕೆ ಬರಬಹುದು. ಪಟದಲ್ಲಿ ಒಂದೇ ಪ್ರಮಾಣದ ಹಾನಿ ಇರುವ ಇಬ್ಬರಲ್ಲಿ ಒಬ್ಬರು ಮನೆಯ ಲೆಕ್ಕ ನೋಡಿಕೊಂಡಿರುತ್ತಾರೆ, ಇನ್ನೊಬ್ಬರು ಮಗಳ ಹೆಸರು ಮರೆತಿರುತ್ತಾರೆ. ಹಾನಿಯನ್ನು ತಾಳಿಕೊಳ್ಳುವ ಶಕ್ತಿ ಎಲ್ಲರಿಗೂ ಒಂದೇ ಅಲ್ಲ. ಓದು, ಬುದ್ಧಿಗೆ ಕೆಲಸ ಕೊಡುವ ಕಸುಬು, ಜನರ ಒಡನಾಟ ಇವೆಲ್ಲ ಆ ಶಕ್ತಿಯನ್ನು ಬೆಳೆಸುತ್ತವೆ ಎಂದು ಸಂಶೋಧಕರು ಹೇಳುತ್ತಾರೆ. ಒಂದಕ್ಕಿಂತ ಹೆಚ್ಚು ಭಾಷೆ ಬಳಸುವುದೂ ಆ ಪಟ್ಟಿಯಲ್ಲಿದೆ.

ಭಾಷೆಯ ಮಾತಿಗೆ ಬಲವಾದ ಸಾಕ್ಷ್ಯ ಬಂದದ್ದು ದಕ್ಷಿಣ ಭಾರತದಿಂದಲೇ. ನರವಿಜ್ಞಾನಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನ ನಿಜಾಮ್ಸ್ ಇನ್‌ಸ್ಟಿಟ್ಯೂಟ್‌ನಲ್ಲಿ ಡಿಮೆನ್ಷಿಯಾ (ಅಲ್ಝೈಮರ್ ಸೇರಿದಂತೆ ಬುದ್ಧಿಶಕ್ತಿ ಕುಂದಿಸುವ ಕಾಯಿಲೆಗಳು) ಇದ್ದ 648 ಜನರ ದಾಖಲೆಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದರು. ಒಂದೇ ಭಾಷೆ ಬಲ್ಲವರಲ್ಲಿ ಕಾಯಿಲೆ ಸರಾಸರಿ 61 ವರ್ಷಕ್ಕೆ ಶುರುವಾಗಿದ್ದರೆ, ಎರಡು ಅಥವಾ ಹೆಚ್ಚು ಭಾಷೆಯವರಲ್ಲಿ ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿತ್ತು. ಶಾಲೆಯ ಮೆಟ್ಟಿಲು ಹತ್ತದವರಲ್ಲೂ ಈ ಅಂತರ ಉಳಿದಿತ್ತು. ಲಾಭ ಓದಿನದಲ್ಲ, ಭಾಷೆಯದೇ ಎಂಬ ವಾದಕ್ಕೆ ಇದರಿಂದ ತೂಕ ಬಂತು. ಅಲ್ಲಾಡಿಯವರು ಮುಂದೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಬಂದು ಈ ಕೆಲಸವನ್ನು ಮುಂದುವರಿಸಿದರು.

ಪಟಗಳೂ ಇದೇ ಕಡೆಗೆ ಬೆರಳು ತೋರಿಸುತ್ತವೆ. ಕೆನಡಾದ ಟೊರಾಂಟೊದಲ್ಲಿ 2012ರಲ್ಲಿ, ಪರೀಕ್ಷೆಯಲ್ಲಿ ಸಮನಾದ ಅಂಕ ಪಡೆದ ಅಲ್ಝೈಮರ್ ರೋಗಿಗಳ ಸಿ.ಟಿ. ಪಟಗಳನ್ನು ಹೋಲಿಸಲಾಯಿತು, ಎರಡು ಭಾಷೆಯವರ ಮೆದುಳು ಹೆಚ್ಚು ಕುಗ್ಗಿತ್ತು. ಇಟಲಿಯ ಉತ್ತರದಂಚಿನಲ್ಲಿ ಜರ್ಮನ್ ಮತ್ತು ಇಟಾಲಿಯನ್ ಎರಡನ್ನೂ ಮಾತಾಡುವ ಪ್ರದೇಶವೊಂದಿದೆ. ಅಲ್ಲಿಯವರೂ ಸೇರಿದ್ದ 85 ರೋಗಿಗಳ ಪೆಟ್ ಅಧ್ಯಯನ 2017ರಲ್ಲಿ ಬಂತು. ಎರಡು ಭಾಷೆಯವರು ಸರಾಸರಿ ಐದು ವರ್ಷ ಹಿರಿಯರು, ಅವರ ಮೆದುಳಿನ ಎಡಭಾಗ ಹೆಚ್ಚು ಮಂಕಾಗಿತ್ತು, ಆದರೂ ನೆನಪಿನ ಪರೀಕ್ಷೆಗಳಲ್ಲಿ ಅವರೇ ಮೇಲಿದ್ದರು. ಎಲ್ಲ ದೇಶಗಳ ಅಧ್ಯಯನಗಳೂ ಇದನ್ನು ಒಪ್ಪಿಲ್ಲ. ವಲಸೆ, ವಿದ್ಯೆ, ವರ್ಗಗಳ ಪ್ರಭಾವವನ್ನು ಭಾಷೆಯಿಂದ ಬಿಡಿಸುವುದು ಸುಲಭವಲ್ಲ ಎಂಬ ಆಕ್ಷೇಪ ನ್ಯಾಯವಾದುದೇ.

ಉತ್ತರ ಕನ್ನಡದ ಕಾರವಾರ, ಅಂಕೋಲೆಗಳಲ್ಲಿ ಒಂದೇ ಭಾಷೆಯ ಹಿರಿಯರನ್ನು ಹುಡುಕುವುದೇ ಕಷ್ಟ. ಮನೆಯಲ್ಲಿ ಕೊಂಕಣಿ, ಕಚೇರಿ ಮತ್ತು ಸಂತೆಯಲ್ಲಿ ಕನ್ನಡ. 1956ರವರೆಗೆ ಈ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿದ್ದ ಕಾರಣ ಕಾರವಾರದ ಕಡೆಯ ಹಲವು ಹಿರಿಯರಿಗೆ ಮರಾಠಿಯೂ ಬರುತ್ತದೆ. ಕಾಳಿ ನದಿ ದಾಟಿ ಸ್ವಲ್ಪ ದೂರ ಹೋದರೆ ಗೋವೆ. ಕೆಲಸಕ್ಕೆ ಹೋದವರಿಗೆ ಹಿಂದಿಯೂ ಸೇರಿರುತ್ತದೆ. ಅಂಕೋಲೆಯ ಹಾಲಕ್ಕಿ ಒಕ್ಕಲಿಗರ ಕನ್ನಡ ಪೇಟೆಯ ಕನ್ನಡಕ್ಕಿಂತ ಬೇರೆಯೇ. ಹೈದರಾಬಾದಿನ ಅಧ್ಯಯನ ಹೇಳಿದ್ದು ಇಲ್ಲಿಗೂ ಹೊಂದುವುದಾದರೆ, ಈ ಜನರಲ್ಲಿ ಕಾಯಿಲೆ ಹೊರಗೆ ಕಾಣುವ ಹೊತ್ತಿಗೆ ಪಟದಲ್ಲಿ ಹಾನಿ ಮುಂದುವರಿದಿರುತ್ತದೆ. ಪಟ ಇಷ್ಟು ಕೆಟ್ಟಿದೆ, ಮನುಷ್ಯ ಮಾತ್ರ ಚೆನ್ನಾಗಿದ್ದಾನಲ್ಲ ಎಂದು ಮನೆಯವರು ವರದಿಯನ್ನೇ ಅನುಮಾನಿಸುವ ಪ್ರಮೇಯವಿದೆ. ಒಮ್ಮೆ ಕುಸಿತ ಶುರುವಾದ ಮೇಲೆ ಅದು ವೇಗವಾಗಿ ಆಗಬಹುದು ಎಂಬುದನ್ನೂ ಅವರಿಗೆ ಮೊದಲೇ ತಿಳಿಸುವುದು ಒಳ್ಳೆಯದು.

ಅಕ್ಷರ ಬಾರದವರ ಬಗ್ಗೆಯೂ ಒಂದು ಎಚ್ಚರಿಕೆ ಬೇಕು. ಅಂಕೋಲೆ ತಾಲ್ಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡರು, 2017ರಲ್ಲಿ ಪದ್ಮಶ್ರೀ ಪಡೆದವರು, ಹಾಲಕ್ಕಿ ಹಾಡುಗಳ ದೊಡ್ಡ ಭಂಡಾರವನ್ನು ಶಾಲೆಯ ನೆರವಿಲ್ಲದೆ ನೆನಪಿನಲ್ಲೇ ಉಳಿಸಿಕೊಂಡಿದ್ದರು. ಹೊನ್ನಳ್ಳಿಯ ತುಳಸಿ ಗೌಡರಿಗೆ ಕಾಡಿನ ಗಿಡಮರಗಳ ಬಗ್ಗೆ ಇದ್ದ ಅರಿವೂ ಪುಸ್ತಕದ್ದಲ್ಲ. ಇಂಥ ತರಬೇತಿ ಪಡೆದ ಮೆದುಳನ್ನು ‘ಓದು: ಇಲ್ಲ’ ಎಂಬ ಒಂದು ಕಾಲಂನಲ್ಲಿ ಮುಗಿಸುವ ಅಧ್ಯಯನಗಳು ಏನನ್ನೋ ಕಳೆದುಕೊಳ್ಳುತ್ತವೆ. ಇಂದಿನ ದಿನಾಂಕ ಬರೆಯಿರಿ, ಐದು ಮೂಲೆಯ ಆಕೃತಿ ಬಿಡಿಸಿ ಎಂದು ಕೇಳುವ ಪರೀಕ್ಷೆಗಳು ಪೆನ್ಸಿಲ್ ಹಿಡಿದವರಿಗಾಗಿ ಆದವು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೇತೃತ್ವದಲ್ಲಿ ಅಕ್ಷರಸ್ಥರಿಗೂ ಅನಕ್ಷರಸ್ಥರಿಗೂ ಹೊಂದುವ ಪರೀಕ್ಷೆಗಳ ಸಂಪುಟ ಸಿದ್ಧವಾಗಿದೆ: ಹಿಂದಿ, ಬಂಗಾಳಿ, ತೆಲುಗು, ಕನ್ನಡ, ಮಲಯಾಳಂಗಳಲ್ಲಿ. ಕೊಂಕಣಿ ಆ ಐದರಲ್ಲಿ ಇಲ್ಲ. ಮನೆಮಾತು ಕೊಂಕಣಿಯಾದ ಕಾರವಾರದ ಅಜ್ಜಿಗೆ ಪದ ನೆನಪಾಗದಿದ್ದರೆ ಅದು ಕಾಯಿಲೆಯೋ ಎರಡನೆಯ ಭಾಷೆಯ ಅಳುಕೋ ಎಂದು ವೈದ್ಯರು ಬಿಡಿಸಬೇಕಾಗುತ್ತದೆ.

ಹೋಲಿಕೆಯ ಅಳತೆಗೋಲಿನ ಪ್ರಶ್ನೆ ಪಟಗಳಿಗೂ ಇದೆ. ಕುಗ್ಗಿದೆ ಎನ್ನಲು, ಕುಗ್ಗದ ಮೆದುಳು ಎಷ್ಟಿರುತ್ತದೆ ಎಂದು ಗೊತ್ತಿರಬೇಕು. ಜಗತ್ತಿನಲ್ಲಿ ಬಹುಕಾಲ ಬಳಕೆಯಲ್ಲಿರುವ ಮಾದರಿ ಕೆನಡಾದ ಮಾಂಟ್ರಿಯಲ್‌ನಲ್ಲಿ 152 ಜನರ ಪಟಗಳ ಸರಾಸರಿಯಿಂದ ತಯಾರಾದದ್ದು. ಹೈದರಾಬಾದಿನ ಐಐಐಟಿ 2019ರಲ್ಲಿ ನೂರು ಭಾರತೀಯ ಯುವಜನರ ಪಟಗಳಿಂದ ಮಾದರಿ ಮಾಡಿದಾಗ, ಭಾರತೀಯ ಮೆದುಳಿನ ಉದ್ದ, ಅಗಲ, ಎತ್ತರ ಸರಾಸರಿಯಲ್ಲಿ ಪಾಶ್ಚಾತ್ಯ ಮಾದರಿಗಿಂತ ಕಡಿಮೆ ಎಂದು ಕಂಡುಬಂತು. ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ. ದೇಹದ ಅಳತೆಯಂತೆಯೇ ಇದೂ. ಆದರೆ ಹೊರಗಿನ ಅಳತೆಗೋಲು ಹಿಡಿದರೆ ಆರೋಗ್ಯವಂತ ಮೆದುಳೂ ಕುಗ್ಗಿದಂತೆ ತೋರಬಹುದು. ನಿಮ್ಹಾನ್ಸ್ ಸಂಶೋಧಕರು 2020ರಲ್ಲಿ ಕೊಟ್ಟ ಐದು ಭಾರತೀಯ ಮಾದರಿಗಳು 6ರಿಂದ 60 ವರ್ಷದವರೆಗಿನವು. ಅಲ್ಝೈಮರ್ ಹೆಚ್ಚಾಗಿ ಬರುವುದು ಅರವತ್ತರ ನಂತರ.

ಈ ಕೊರತೆ ತುಂಬಬಲ್ಲ ದೊಡ್ಡ ಕೆಲಸ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ನಡೆಯುತ್ತಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರ 45 ದಾಟಿದ 10,000 ಗ್ರಾಮೀಣರನ್ನು ವರ್ಷಗಟ್ಟಲೆ ಹಿಂಬಾಲಿಸುವ ಗುರಿಯಿಟ್ಟು ಅಲ್ಲಿ ಅಧ್ಯಯನ ಕೈಗೊಂಡಿದೆ. ಜೊತೆಗೆ ಬೆಂಗಳೂರಿನ 1,000 ನಗರವಾಸಿಗಳ ಇನ್ನೊಂದು ತಂಡ. ರಕ್ತಪರೀಕ್ಷೆ, ಬುದ್ಧಿಶಕ್ತಿಯ ಪರೀಕ್ಷೆ, ಎಂಆರ್‌ಐ ಎಲ್ಲವೂ ಇದರಲ್ಲಿವೆ. ಕೋಲಾರದ ರಾಗಿಯೂಟ, ಕನ್ನಡ–ತೆಲುಗು ನಾಲಿಗೆ ಕರಾವಳಿಯದಲ್ಲ. ಆದರೂ ಮಾಂಟ್ರಿಯಲ್‌ಗಿಂತ ಅದು ಅಂಕೋಲೆಗೆ ಹತ್ತಿರದ್ದು.

ಇಷ್ಟೆಲ್ಲ ವಿಧಾನಗಳಲ್ಲಿ ಕಾರವಾರದ ರೋಗಿಗೆ ಯಾವುದು ಎಲ್ಲಿ ಬೇಕು ಎಂಬುದು ಹಣ ಮತ್ತು ದಾರಿಯ ಪ್ರಶ್ನೆಯೂ ಆಗಿದೆ. ಉತ್ತರ ಕನ್ನಡಕ್ಕೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು 2022ರಲ್ಲಿ ಜೋರಾಗಿತ್ತು. ಆ ವರ್ಷದ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಹೊತ್ತು ಉಡುಪಿಯತ್ತ ಹೊರಟ ಆಂಬುಲೆನ್ಸ್ ಉಡುಪಿ ಜಿಲ್ಲೆಯ ಶಿರೂರು ಟೋಲ್‌ಗೇಟ್‌ನಲ್ಲಿ ಅಪಘಾತಕ್ಕೀಡಾಗಿ ನಾಲ್ವರು ಸತ್ತಿದ್ದರು. ಕಾರವಾರದಿಂದ ಗೋವಾ ವೈದ್ಯಕೀಯ ಕಾಲೇಜು ಇರುವ ಬಾಂಬೋಲಿಮ್‌ಗೆ 90 ಕಿ.ಮೀ. ಆಸುಪಾಸು, ಮಣಿಪಾಲಕ್ಕೆ ಸುಮಾರು 200. 2024ರ ಜುಲೈ 16ರಂದು ಅಂಕೋಲೆ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು. ಆಗಸ್ಟ್ 7ರಂದು ಗೋವೆಯ ದಾರಿಯಲ್ಲಿ ಕಾಳಿ ನದಿಯ ಹಳೆಯ ಸೇತುವೆ ಬಿತ್ತು. ದಾರಿ ತಪ್ಪುವ, ಹೊಸ ಜಾಗದಲ್ಲಿ ಗಾಬರಿಯಾಗುವ ವೃದ್ಧರನ್ನು ಇಂಥ ಮಳೆಗಾಲದಲ್ಲಿ ಸ್ಕ್ಯಾನ್‌ಗಾಗಿ ಊರೂರು ಸುತ್ತಿಸುವುದು ಸಣ್ಣ ಮಾತಲ್ಲ. ಹಾಗಾಗಿ ಯಾವ ಪಟ ಏಕೆ ಎಂಬ ಪ್ರಶ್ನೆಯನ್ನು ಮೊದಲೇ ಕೇಳಿಕೊಳ್ಳಬೇಕು.

ಮೊದಲ ಹೆಜ್ಜೆಗೆ ಸಿ.ಟಿ. ಸಾಕು, ಅದನ್ನು ಕೀಳಾಗಿ ಕಾಣಬೇಕಾಗಿಲ್ಲ. ಬಚ್ಚಲಲ್ಲಿ ಜಾರಿಯೋ ಅಂಗಳದಲ್ಲಿ ಎಡವಿಯೋ ತಲೆಗೆ ಸಣ್ಣ ಪೆಟ್ಟು ಬಿದ್ದು, ವಾರಗಳ ಮೇಲೆ ಮಂಕು ಕವಿದಂತಾಗುವ ವೃದ್ಧರಲ್ಲಿ ಮೆದುಳಿನ ಹೊದಿಕೆಯಡಿ ರಕ್ತ ಕೂಡಿರಬಹುದು. ನಡಿಗೆ ಎಳೆದಂತಾಗಿ, ಮೂತ್ರ ತಡೆಯಲಾಗದೆ, ಜೊತೆಗೆ ಮರೆವೂ ಬಂದರೆ ಮೆದುಳಿನ ಕೋಣೆಗಳಲ್ಲಿ ನೀರು ಹೆಚ್ಚಿರಬಹುದು. ಇವೆರಡನ್ನೂ ಸಿ.ಟಿ. ಹಿಡಿಯುತ್ತದೆ, ಇವೆರಡಕ್ಕೂ ಶಸ್ತ್ರಚಿಕಿತ್ಸೆಯಿದೆ. ಮರೆವು ತರಬಲ್ಲ ಥೈರಾಯ್ಡ್ ಮತ್ತು ಬಿ-12 ಕೊರತೆಗಳನ್ನು ಹಿಡಿಯಲು ರಕ್ತಪರೀಕ್ಷೆ ಸಾಕು. ಅರಳುಮರಳು ಎಂದು ಸುಮ್ಮನಾದ ಮನೆಗಳಲ್ಲಿ ಗುಣವಾಗಬಹುದಾಗಿದ್ದ ಇಂಥವೇ ಉಳಿದುಬಿಡುತ್ತವೆ ಎಂಬುದು ನಿಜಕ್ಕೂ ನೋವಿನ ಸಂಗತಿ.

ಎಂಆರ್‌ಐ ಎರಡನೆಯ ಹೆಜ್ಜೆ. ಪೆಟ್ ಬಹುತೇಕರಿಗೆ ಬೇಕಾಗುವುದಿಲ್ಲ. 65ಕ್ಕಿಂತ ಮೊದಲೇ ಶುರುವಾದಾಗ, ಮಾತು, ನೋಟ ಅಥವಾ ನಡವಳಿಕೆಯಿಂದ ಶುರುವಾದಾಗ, ಎಂಆರ್‌ಐ ಸ್ಪಷ್ಟ ಉತ್ತರ ಕೊಡದಿದ್ದಾಗ ಅದಕ್ಕೆ ಅರ್ಥವಿದೆ. ಪೆಟ್ ದೊಡ್ಡ ನಗರಗಳಿಗೆ ಅಂಟಿಕೊಂಡಿರುವುದಕ್ಕೆ ಭೌತಶಾಸ್ತ್ರದ ಕಾರಣವೂ ಇದೆ. ಅದರಲ್ಲಿ ಬಳಸುವ ಫ್ಲೋರಿನ್-18 ಸುಮಾರು 110 ನಿಮಿಷಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ. ಬೆಂಗಳೂರಿನಿಂದ ಹೊರಟ ಸೀಸೆ ಹತ್ತು ಗಂಟೆ ರಸ್ತೆಯಲ್ಲಿದ್ದು ಕಾರವಾರ ಮುಟ್ಟುವಾಗ ನಲವತ್ತರಲ್ಲಿ ಒಂದು ಪಾಲೂ ಉಳಿದಿರುವುದಿಲ್ಲ. ತಾಲ್ಲೂಕಿನಲ್ಲೇ ಕೈಗಾ ಅಣುಸ್ಥಾವರ ಇದೆಯಲ್ಲ ಎಂಬ ಯೋಚನೆ ಸಹಜ, ಆದರೆ ಈ ವಸ್ತು ತಯಾರಾಗುವುದು ವಿದ್ಯುತ್ ಸ್ಥಾವರದಲ್ಲಲ್ಲ, ಸೈಕ್ಲೊಟ್ರಾನ್ ಎಂಬ ಬೇರೆ ಯಂತ್ರದಲ್ಲಿ. ರಕ್ತದಲ್ಲಿ ಟೌ ಅಂಶವನ್ನು ಅಳೆಯುವ ಪರೀಕ್ಷೆಯೊಂದಕ್ಕೆ ಅಮೆರಿಕದಲ್ಲಿ 2025ರ ಮೇ ತಿಂಗಳಲ್ಲಿ ಒಪ್ಪಿಗೆ ಸಿಕ್ಕಿದೆ. ರಕ್ತದ ಮಾದರಿ ಪ್ರಯಾಣ ಮಾಡಬಲ್ಲದು, ರೋಗಿ ಮಾಡಬೇಕಿಲ್ಲ. ಕಾರವಾರದಂಥ ಊರುಗಳಿಗೆ ಪೆಟ್‌ಗಿಂತ ಹೆಚ್ಚು ಭರವಸೆ ಇರುವುದು ಇದರಲ್ಲಿ. ಕರ್ನಾಟಕ ಸರ್ಕಾರ ಮತ್ತು ನಿಮ್ಹಾನ್ಸ್ 2022ರಲ್ಲಿ ಆರಂಭಿಸಿದ ಮೆದುಳು ಆರೋಗ್ಯ ಕಾರ್ಯಕ್ರಮದ ಉದ್ದೇಶವೂ ಜಿಲ್ಲೆಯ ವೈದ್ಯರೇ ಡಿಮೆನ್ಷಿಯಾವನ್ನು ಗುರುತಿಸುವಂತೆ ಮಾಡುವುದು.

ಅಮಿಲಾಯ್ಡ್ ತೊಳೆಯುವ ಔಷಧಗಳು ಬಂದ ಮೇಲೆ ಪಟಕ್ಕೆ ಇನ್ನೊಂದು ಕೆಲಸ ಸೇರಿದೆ. ಅವುಗಳಲ್ಲೊಂದಾದ ಲೆಕಾನೆಮಾಬ್‌ನ 1,795 ಜನರ ಪ್ರಯೋಗದಲ್ಲಿ 18 ತಿಂಗಳ ಕುಸಿತ ಶೇ 27ರಷ್ಟು ನಿಧಾನವಾಯಿತು, ನಿಲ್ಲಲಿಲ್ಲ. ಔಷಧ ಪಡೆದವರಲ್ಲಿ ನೂರಕ್ಕೆ 12–13 ಮಂದಿಯ ಮೆದುಳಿನಲ್ಲಿ ಊತ ಕಾಣಿಸಿತು, ಕೆಲವರಲ್ಲಿ ಸಣ್ಣ ರಕ್ತಸ್ರಾವ. ಈ ಅಪಾಯ ಅಪೊಇ-4 ಇರುವವರಿಗೆ ಹೆಚ್ಚು. ಆದ್ದರಿಂದ ಶುರುವಿಗೆ ಮುನ್ನ ಒಮ್ಮೆ, ಆಮೇಲೆ ಹಲವು ಬಾರಿ ಎಂಆರ್‌ಐ ತೆಗೆಯಲೇಬೇಕು. ಸ್ಕ್ಯಾನ್ ಸುಲಭವಾಗಿ ಸಿಗದ ಊರಿನಲ್ಲಿ ಇಂಥ ಔಷಧ ಸುರಕ್ಷಿತವಲ್ಲ.

ರೇಡಿಯಾಲಜಿಸ್ಟರ ಕೈಗೆ ಬರುವ ಚೀಟಿಯಲ್ಲಿ ಸಾಮಾನ್ಯವಾಗಿ ‘ಮರೆವು, 72 ವರ್ಷ’ ಎಂದಷ್ಟೇ ಇರುತ್ತದೆ. ತೊಂದರೆ ನೆನಪಿನಿಂದ ಶುರುವಾಯಿತೋ, ನೋಟದಿಂದಲೋ, ಮಾತಿನಿಂದಲೋ, ಎಷ್ಟು ತಿಂಗಳಾಯಿತು, ಬಿದ್ದದ್ದುಂಟೋ, ಬಿ.ಪಿ., ಸಕ್ಕರೆ ಎಷ್ಟು ವರ್ಷದಿಂದ, ಮನೆಮಾತು ಯಾವುದು, ಬರುವ ಭಾಷೆಗಳೆಷ್ಟು, ಕಸುಬು ಏನಾಗಿತ್ತು ಎಂಬುದನ್ನು ಮನೆಯವರು ಹೇಳಿ ಬರೆಸಿದರೆ, ಅದೇ ಪಟದಿಂದ ಬೇರೆಯೇ ವರದಿ ಬರಬಹುದು. ಹಳೆಯ ಸ್ಕ್ಯಾನಿನ ಫಿಲ್ಮ್, ಸಿ.ಡಿ.ಗಳನ್ನು ಎಸೆಯದೆ ಇಟ್ಟುಕೊಂಡು, ಮುಂದಿನ ಬಾರಿ ಗೋವೆಗೋ ಮಣಿಪಾಲಕ್ಕೋ ಹೋಗುವಾಗ ಒಯ್ಯಬೇಕು. ಎರಡು ಪಟಗಳ ನಡುವಿನ ಬದಲಾವಣೆಯನ್ನು ಅಳೆಯಲು ಮೊದಲನೆಯದು ಕೈಯಲ್ಲಿರಬೇಕು.